ಉಕ್ಕಿನ ಮೈಯೊಳಗೆ ಕುಳಿತವನು

ನಮ್ಮ ಓದುಗ ಬಂಧುಗಳಲ್ಲಿ ಇಂದು ಐವತ್ತರ ಆಸುಪಾಸಿನಲ್ಲಿರುವವರಿಗೆ 1980ರ ದಶಕದ ದೂರದರ್ಶನದಲ್ಲಿ ಬರುತ್ತಿದ್ದ ‘ಜೈಂಟ್ ರೋಬೋಟ್’ ಎಂಬ ಧಾರಾವಾಹಿ ನೆನಪಿರಲೇಬೇಕು. ಓಣಿಗೊಂದು ಟಿ.ವಿ. ಇದ್ದ ಕಾಲವದು. ಯಾರದೋ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಇಪ್ಪತ್ತು ಮೂವತ್ತು ಮಕ್ಕಳು ಕಿಕ್ಕಿರಿದು ಕುಳಿತು, ಜಾನಿ ಸೊಕ್ಕೊ ಎಂಬ ಬಾಲಕನು ತನ್ನ ಕೈಗಡಿಯಾರದಲ್ಲಿ ಮಾತಾಡಿ ಆ ಮಹಾಕಾಯದ ಯಂತ್ರಮಾನವನನ್ನು ಕರೆಯುವುದನ್ನು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಮರುದಿನ ಶಾಲೆಯಲ್ಲಿ ಎಲ್ಲ ಹುಡುಗರ ಮಣಿಕಟ್ಟೂ ಬಾಯಿಯ ಬಳಿಯೇ! ಅದು 1967-68ರಲ್ಲಿ ಜಪಾನಿನಲ್ಲಿ ತಯಾರಾದ 26 ಕಂತುಗಳ ಕಥೆಯೆಂದು ನಮಗೆ ಆಗ ಗೊತ್ತಿರಲಿಲ್ಲ. ಅದರ ಕೊನೆಯ ಕಂತನ್ನು ಕಂಡವರು ಮರೆತಿರಲಾರರು. ಹೊಡೆದರೆ ಭೂಮಿಯೇ ಸಿಡಿದುಹೋಗುವಂತಹ ಶತ್ರುವನ್ನು ಯಂತ್ರಮಾನವನು ಅವುಚಿ ಹಿಡಿದು ಆಕಾಶಕ್ಕೆ ಏರುತ್ತಾನೆ. ಹುಡುಗನು ‘ಹಿಂದಿರುಗಿ ಬಾ’ ಎಂದು ಆಜ್ಞೆ ಮಾಡುತ್ತಾನೆ. ಅದುವರೆಗೆ ಒಂದೇ ಒಂದು ಆಜ್ಞೆಯನ್ನೂ ಮೀರದಿದ್ದ ಯಂತ್ರವು ಆ ಒಂದು ಮಾತನ್ನು ಕೇಳುವುದಿಲ್ಲ. ಉಲ್ಕೆಯೊಂದಕ್ಕೆ ಡಿಕ್ಕಿ ಹೊಡೆದು ತಾನೂ ಇಲ್ಲವಾಗುತ್ತದೆ. ಆ ದಿನ ಪಡಸಾಲೆಯಲ್ಲಿ ಅತ್ತ ಮಕ್ಕಳನ್ನು ನಾವು ಕಂಡಿದ್ದೇವೆ.

ಇದೆಲ್ಲ ಈಗ ನೆನಪಾಗಲು ಕಾರಣವುಂಟು. ಕಳೆದ ಬೇಸಿಗೆಯಲ್ಲಿ ಹುಬ್ಬಳ್ಳಿಯ ನಮ್ಮ ಬಂಧುಗಳೊಬ್ಬರ ಮನೆಗೆ ಹೋಗಿದ್ದೆವು. ಆ ಮನೆಯ ಮಗ ಹಲವು ವರ್ಷ ಜಪಾನಿನಲ್ಲಿ ಉದ್ಯೋಗದಲ್ಲಿದ್ದು ಹಿಂದಿರುಗಿದವರು. ಬರುವಾಗ ತಮ್ಮ ಏಕಾಂತದ ದಿನಗಳ ಸಂಗಾತಿಯಾಗಿದ್ದ ಹಳೆಯ ಪ್ಲೇಸ್ಟೇಷನ್ 2 ಯಂತ್ರವನ್ನೂ ಒಂದಿಷ್ಟು ಡಿಸ್ಕುಗಳನ್ನೂ ಕಟ್ಟಿಕೊಂಡು ಬಂದಿದ್ದರು. ಜಪಾನಿನ ಮನೆಗಳ ವಿದ್ಯುತ್ತು 100 ವೋಲ್ಟಿನದು, ನಮ್ಮದು 230. ಹೀಗಾಗಿ ಆ ಯಂತ್ರಕ್ಕೆ ಇಟ್ಟಿಗೆಯಷ್ಟು ಭಾರದ ಒಂದು ಟ್ರಾನ್ಸ್‌ಫಾರ್ಮರ್ ಜೋಡಿಸಿದ್ದರು. ಅದು ಸದಾ ಗುಂಯ್‌ಗುಡುತ್ತಿತ್ತು. ಅವರ ಹನ್ನೆರಡು ವರ್ಷದ ಮಗ ಟಿ.ವಿ.ಯ ಮುಂದೆ ಕುಳಿತು, ಎರಡೂ ಹೆಬ್ಬೆರಳುಗಳನ್ನು ಮಿಂಚಿನಂತೆ ಆಡಿಸುತ್ತ, ಒಂದು ಕಪ್ಪು ಯಂತ್ರಮಾನವನನ್ನು ಆಕಾಶದಲ್ಲಿ ಓಡಿಸುತ್ತಿದ್ದ. ಮನೆಯೊಡತಿಯ ಮುಖ ಗಂಟಿಕ್ಕಿತ್ತು. ಪರೀಕ್ಷೆಯಲ್ಲಿ ಅಂಕಗಳು ಇಳಿದಿವೆ, ಈ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಬೇಕು, ಇಲ್ಲವೇ ಯಾರಿಗಾದರೂ ಕೊಟ್ಟುಬಿಡಬೇಕು ಎಂಬುದು ಅವರ ಪಟ್ಟು. ಯಜಮಾನರದು ಮೌನ. ಅಷ್ಟರಲ್ಲಿ ಮೂಲೆಯಲ್ಲಿ ಹತ್ತಿಯ ಬತ್ತಿ ಹೊಸೆಯುತ್ತ ಕುಳಿತಿದ್ದ ಅಜ್ಜಿಯವರು ತಲೆಯೆತ್ತಿ, “ತಮ್ಮಾ, ಅದರೊಳಗ ಕುಂತಾಂವ ಯಾರು?” ಎಂದರು.

ಹುಡುಗ ತಿರುಗಿ ನೋಡಲಿಲ್ಲ. “ಗೊತ್ತಿಲ್ಲಜ್ಜಿ. ಈ ಕರೀದು ಎಲ್ಲಾಕಿಂತ ಜೋರ್ ಓಡತೈತಿ, ಅಷ್ಟ” ಎಂದ.

“ಯಾರೋ ಕುಂತಿರಬೇಕಲ್ಲ. ಯಾರ ಮಗಾ ಅಂವ?”

ಈ ಪ್ರಶ್ನೆಗೆ ಆ ಕೋಣೆಯಲ್ಲಿ ಉತ್ತರ ಬಲ್ಲವರು ಒಬ್ಬರೇ ಇದ್ದರು. ಅವರು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡಿದ್ದರು.

ಆ ಆಟದ ಹೆಸರು ‘ಅನದರ್ ಸೆಂಚುರೀಸ್ ಎಪಿಸೋಡ್’. ‘ಇನ್ನೊಂದು ಶತಮಾನದ ಅಧ್ಯಾಯ’ ಎಂದು ನಾವು ಹೇಳಿಕೊಳ್ಳಬಹುದು. 2005ರ ಜನವರಿಯಲ್ಲಿ ಜಪಾನಿನಲ್ಲಿ ಬಿಡುಗಡೆಯಾಯಿತು. ತಯಾರಿಸಿದವರು ಫ್ರಮ್‌ಸಾಫ್ಟ್‌ವೇರ್ ಸಂಸ್ಥೆಯವರು, ಹೊರತಂದವರು ಬನ್‌ಪ್ರೆಸ್ಟೊ ಸಂಸ್ಥೆಯವರು. 2006 ಮತ್ತು 2007ರಲ್ಲಿ ಅದರ ಎರಡನೆಯ, ಮೂರನೆಯ ಭಾಗಗಳು ಬಂದವು. 2010ರಲ್ಲಿ ಪ್ಲೇಸ್ಟೇಷನ್ 3 ಯಂತ್ರಕ್ಕೆ ಇನ್ನೊಂದು, 2011ರಲ್ಲಿ ಕೈಯಲ್ಲಿ ಹಿಡಿದು ಆಡುವ ಪುಟ್ಟ ಯಂತ್ರಕ್ಕೆ ಮತ್ತೊಂದು ಬಂದು, ಸರಣಿ ಅಲ್ಲಿಗೆ ನಿಂತಿತು. ಜಪಾನಿನಲ್ಲಿ ಬಗೆಬಗೆಯ ವ್ಯಂಗ್ಯಚಿತ್ರ ಧಾರಾವಾಹಿಗಳಲ್ಲಿ, ಅಂದರೆ ಅವರು ‘ಅನಿಮೆ’ ಎನ್ನುವ ಚಿತ್ರಕಥೆಗಳಲ್ಲಿ, ಬೇರೆ ಬೇರೆ ಕಾಲಕ್ಕೆ, ಬೇರೆ ಬೇರೆ ಲೋಕಗಳಲ್ಲಿ ಕಾದಾಡಿದ ದೈತ್ಯ ಯಂತ್ರಮಾನವರನ್ನೆಲ್ಲ ಒಂದೇ ರಣರಂಗಕ್ಕೆ ಕರೆತಂದಿರುವುದೇ ಅದರ ವಿಶೇಷ. 1983ರ ‘ಡನ್‌ಬೈನ್’ ಕಥೆಯ ಕೀಟದಂತಹ ಯಂತ್ರ, 1984ರ ‘ಎಲ್-ಗೈಮ್’, 1985ರ ‘ಝೀಟಾ ಗುಂಡಮ್’, ಅದೇ ವರ್ಷದ ‘ಲೇಜ್ನರ್’, 1987ರ ‘ಡ್ರಾಗೊನಾರ್’, 1998ರ ‘ನಾದೆಸಿಕೊ’ ಚಲನಚಿತ್ರದ ಕಪ್ಪು ಯಂತ್ರ, ಇವೆಲ್ಲ ಅಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಲ್ಲುತ್ತವೆ. ನಮ್ಮಲ್ಲಿ ಬೇರೆ ಬೇರೆ ಚಲನಚಿತ್ರಗಳ ನಾಯಕರೆಲ್ಲ, ಅವರವರ ವೇಷದಲ್ಲಿಯೇ, ಒಂದು ಚಿತ್ರದಲ್ಲಿ ಸೇರಿ ಒಂದು ಊರನ್ನು ಕಾಯ್ದರೆ ಹೇಗಿದ್ದೀತು, ಊಹಿಸಿಕೊಳ್ಳಿರಿ.

ಇಂತಹ ಕೂಟದ ಆಟಗಳಿಗೆ ಜಪಾನಿನಲ್ಲಿ ಹಳೆಯ ಪರಂಪರೆಯೇ ಇದೆ. ಅದೇ ಬನ್‌ಪ್ರೆಸ್ಟೊ 1991ರಲ್ಲಿ ‘ಸೂಪರ್ ರೋಬೋಟ್ ವಾರ್ಸ್’ ಎಂಬ ಆಟವನ್ನು ತಂದಿತ್ತು. ಅದು ಚದುರಂಗದಂತೆ ಸಾವಧಾನದಿಂದ ನಡೆ ನಡೆಸುವ ಆಟ. ಮನೆಗಳ ಮೇಲೆ ಕಾಯಿಗಳನ್ನು ಸರಿಸಿದಂತೆ ಯಂತ್ರಗಳನ್ನು ಸರಿಸಿ ಯೋಚಿಸಿ ಆಡಬೇಕು. ಹದಿನಾಲ್ಕು ವರ್ಷಗಳ ಬಳಿಕ ಬಂದ ಈ ಆಟವಾದರೋ ಕ್ಷಣಕ್ಷಣದ ಕೈಚಳಕದ್ದು. ಆಡುವವನು ತನ್ನ ಯಂತ್ರದ ಬೆನ್ನ ಹಿಂದೆಯೇ ನಿಂತಂತೆ ಪರದೆಯ ಮೇಲೆ ಕಾಣುತ್ತದೆ. ಹಾರಬೇಕು, ತಪ್ಪಿಸಿಕೊಳ್ಳಬೇಕು, ಗುರಿಯನ್ನು ಕಣ್ಣಳತೆಯಲ್ಲಿ ಹಿಡಿದಿರಬೇಕು, ದೂರಕ್ಕೆ ಒಂದು ಆಯುಧ, ಹತ್ತಿರಕ್ಕೆ ಇನ್ನೊಂದು. ಎಷ್ಟೋ ವೇಳೆ ಹಿಂದೆ ಒಂದು ಹಡಗನ್ನೋ ನೆಲೆಯನ್ನೋ ಕಾಯುತ್ತಲೇ ಮುಂದಿನ ಶತ್ರುಗಳನ್ನು ತಡೆಯಬೇಕು. ನಾವೂ ಒಂದು ಕೈ ನೋಡಿದೆವೆಂಬುದನ್ನು ಇಲ್ಲಿ ಮರೆಮಾಚುವುದಿಲ್ಲ. ಎರಡು ನಿಮಿಷಗಳಲ್ಲಿ ನಮ್ಮ ಯಂತ್ರವು ಚೂರುಚೂರಾಯಿತು. ಹುಡುಗ ಬಿದ್ದುಬಿದ್ದು ನಕ್ಕ. ಅಜ್ಜಿಯವರೂ ನಕ್ಕರು. ಕೈಗೂ ಕಣ್ಣಿಗೂ ಅಲ್ಲಿ ನಿಜವಾದ ದುಡಿಮೆಯಿದೆ. ‘ಇದೆಲ್ಲ ಮಂಕುಬೂದಿ’ ಎಂದು ಆಡದೆಯೇ ತೀರ್ಪು ಕೊಡುವ ಹಿರಿಯರು ಒಮ್ಮೆ ಕೂತು ನೋಡಬೇಕು.

ತಯಾರಕರ ವಿಷಯವಾಗಿಯೂ ಒಂದು ಮಾತು. ಫ್ರಮ್‌ಸಾಫ್ಟ್‌ವೇರ್ ಎಂಬುದು 1986ರಲ್ಲಿ ಹುಟ್ಟಿದ ಸಂಸ್ಥೆ. 1997ರಲ್ಲಿ ಅವರು ‘ಆರ್ಮರ್ಡ್ ಕೋರ್’ ಎಂಬ ಆಟವನ್ನು ಹೊರತಂದಿದ್ದರು. ಅದರಲ್ಲಿ ಆಡುವವನೇ ತನ್ನ ಯಂತ್ರದ ಕಾಲು, ತೋಳು, ಎಂಜಿನು, ಆಯುಧಗಳನ್ನು ಒಂದೊಂದಾಗಿ ಆಯ್ದು ಜೋಡಿಸಬೇಕು. ಭಾರ ಹೆಚ್ಚಾದರೆ ಕಾಲು ತಡೆಯದು, ಶಕ್ತಿ ಸಾಲದಿದ್ದರೆ ಆಯುಧ ನಡೆಯದು. ಉಕ್ಕಿಗೆ ತೂಕವಿದೆ ಎಂಬುದನ್ನು ಬೆರಳ ತುದಿಗೆ ತಿಳಿಸಿದವರು ಅವರು. ಇದೇ ಸಂಸ್ಥೆಯ ‘ಡಾರ್ಕ್ ಸೋಲ್ಸ್’ (2011), ‘ಎಲ್ಡನ್ ರಿಂಗ್’ (2022) ಎಂಬ ಆಟಗಳು ಮುಂದೆ ಜಗತ್ತಿನ ಮನೆಮನೆಗೂ ಹೋದವು. ಆದರೆ ಯಂತ್ರಮಾನವರ ಈ ಕೂಟದ ಆಟ ಮಾತ್ರ ಜಪಾನನ್ನು ಬಿಟ್ಟು ಹೊರಗೆ ಅಧಿಕೃತವಾಗಿ ಬರಲೇ ಇಲ್ಲ. ಒಂದೊಂದು ಕಥೆಗೂ ಒಬ್ಬೊಬ್ಬ ಒಡೆಯ, ಹೊರದೇಶಗಳಲ್ಲಿ ಅವೇ ಕಥೆಗಳ ಹಕ್ಕುಗಳು ಬೇರೆ ಬೇರೆಯವರ ಕೈಯಲ್ಲಿ. ಎಲ್ಲರ ಒಪ್ಪಿಗೆಯನ್ನು ಒಟ್ಟುಗೂಡಿಸುವುದು ರಣರಂಗದಲ್ಲಿ ಗೆಲ್ಲುವುದಕ್ಕಿಂತ ಕಷ್ಟ. ಒಟ್ಟು ಕುಟುಂಬದ ಆಸ್ತಿಯ ಕಾಗದಗಳಿಗೆ ಸಹಿ ಹಾಕಿಸಲು ಅಲೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ‘ಸೂಪರ್ ರೋಬೋಟ್ ವಾರ್ಸ್’ ಸರಣಿಯಲ್ಲಿ, ಯಾರ ಕಥೆಯಿಂದಲೂ ಎರವಲು ತರದೆ ತಮ್ಮದೇ ಪಾತ್ರಗಳನ್ನಿಟ್ಟು ರಚಿಸಿದ ಭಾಗವು 2006ರಲ್ಲಿ ಅಮೆರಿಕವನ್ನು ಸೇರಿತು. ಎರವಲು ಪಾತ್ರಗಳ ದೊಡ್ಡ ಕೂಟವೇ ಹಲವು ದೇಶಗಳ ಕಂಪ್ಯೂಟರುಗಳಿಗೆ ನೇರವಾಗಿ ಬರಲು ಇನ್ನೂ ಹಲವು ವರ್ಷ ಕಾಯಬೇಕಾಯಿತು.

ಇರಲಿ. ಅಜ್ಜಿಯವರ ಪ್ರಶ್ನೆಗೆ ಬರೋಣ. ಯಂತ್ರದೊಳಗೆ ಕುಳಿತವನು ಯಾರ ಮಗ?

ಈ ಯಂತ್ರಗಳ ವಂಶಾವಳಿಯನ್ನು ಹಿಡಿದು ಹಿಂದಕ್ಕೆ ಹೋದರೆ ಮೊದಲಿಗೆ ಸಿಗುವವರು ಮಿತ್ಸುತೆರು ಯೊಕೊಯಾಮಾ. ನಮ್ಮ ದೂರದರ್ಶನದ ಜೈಂಟ್ ರೋಬೋಟಿನ ಮೂಲ ಚಿತ್ರಕಥೆಯೂ ಅವರದೇ. ಕೋಬೆ ನಗರದಲ್ಲಿ 1934ರಲ್ಲಿ ಹುಟ್ಟಿದವರು. ಮಹಾಯುದ್ಧದ ಕಾಲದಲ್ಲಿ ಹಳ್ಳಿಗಾಡಿಗೆ ಕಳುಹಿಸಲ್ಪಟ್ಟ ಆ ಬಾಲಕನು ಯುದ್ಧ ಮುಗಿದು ಊರಿಗೆ ಮರಳಿದಾಗ ಕೋಬೆ ನಗರವು ಬಾಂಬುಗಳಿಗೆ ಸಿಕ್ಕಿ ನೆಲಸಮವಾಗಿತ್ತು. ಆಕಾಶದಿಂದ ಸಾವನ್ನು ಸುರಿಸಿದ ಬಿ-29 ವಿಮಾನಗಳ ಭೀತಿ ಅವರ ಮನಸ್ಸಿನಲ್ಲಿ ಬೇರೂರಿತು. 1956ರಲ್ಲಿ ಅವರು ಬರೆದ ‘ತೆತ್ಸುಜಿನ್ 28’ ಎಂಬ ಚಿತ್ರಕಥೆಯಲ್ಲಿ ಬರುವ ಉಕ್ಕಿನ ಮಾನವನು ಯುದ್ಧದ ಕೊನೆಯಲ್ಲಿ ಸೈನ್ಯಕ್ಕಾಗಿ ಗುಟ್ಟಾಗಿ ಸಿದ್ಧಪಡಿಸಿದ ಅಸ್ತ್ರ. ಅದನ್ನು ಆಳುವುದು ಒಂದು ಕೈಪೆಟ್ಟಿಗೆ, ನಮ್ಮ ಮಾತಿನಲ್ಲಿ ರಿಮೋಟು. ಆ ರಿಮೋಟು ಹತ್ತು ವರ್ಷದ ಆಸುಪಾಸಿನ ಶೋತಾರೋ ಎಂಬ ಹುಡುಗನ ಕೈಯಲ್ಲಿರುವಷ್ಟು ಹೊತ್ತು ಯಂತ್ರವು ಊರನ್ನು ಕಾಯುತ್ತದೆ. ಕಳ್ಳರ ಕೈಗೆ ಸಿಕ್ಕರೆ ಅದೇ ಯಂತ್ರವು ಅದೇ ನಿಷ್ಠೆಯಿಂದ ಊರನ್ನು ಸುಡುತ್ತದೆ. ಅದಕ್ಕೆ ಒಳಿತು ಕೆಡುಕಿನ ಗೊಡವೆಯಿಲ್ಲ.

ಬಳಿಕ 1972ರಲ್ಲಿ ಗೋ ನಾಗಾಯ್ ಎಂಬ ಚಿತ್ರಕಥೆಗಾರರು ‘ಮಾಜಿಂಗರ್ ಝಡ್’ ಬರೆದರು. ವಾಹನ ದಟ್ಟಣೆಯಲ್ಲಿ ಸಿಲುಕಿಕೊಂಡಿದ್ದಾಗ, ಈ ಕಾರಿಗೆ ಕಾಲು ಬಂದು ಮುಂದಿನ ಕಾರುಗಳನ್ನು ದಾಟಿ ನಡೆದರೆ ಹೇಗೆ ಎಂದು ಹೊಳೆದದ್ದೇ ಅದರ ಮೂಲವೆಂದು ಹೇಳುತ್ತಾರೆ. ಬೆಂಗಳೂರಿನಲ್ಲಿ ಪ್ರತಿದಿನ ಲಕ್ಷಾಂತರ ಜನರಿಗೆ ಹೊಳೆಯಬೇಕಾದ ವಿಚಾರವಿದು! ಅಲ್ಲಿಂದ ಮುಂದೆ ಹುಡುಗನು ದೂರದಲ್ಲಿ ನಿಂತು ರಿಮೋಟು ಒತ್ತಲಿಲ್ಲ, ಯಂತ್ರದ ತಲೆಯೊಳಗೇ ಹೋಗಿ ಕುಳಿತ. ಆ ಯಂತ್ರವನ್ನು ಕಟ್ಟಿದವರು ಅವನ ಅಜ್ಜ. ಸಾಯುವ ಮುನ್ನ ಮೊಮ್ಮಗನ ಕೈಗೆ ಅದನ್ನೊಪ್ಪಿಸಿ, ಇದರಿಂದ ನೀನು ದೇವನೂ ಆಗಬಲ್ಲೆ, ದಾನವನೂ ಆಗಬಲ್ಲೆ ಎಂಬರ್ಥದ ಮಾತು ಹೇಳಿ ಕಣ್ಣುಮುಚ್ಚುತ್ತಾರೆ.

ಮುಂದಿನ ಹೆಜ್ಜೆ ಯೊಶಿಯುಕಿ ಟೊಮಿನೊ ಅವರದು. 1979ರ ಏಪ್ರಿಲ್‌ನಲ್ಲಿ ಆರಂಭವಾದ ‘ಮೊಬೈಲ್ ಸೂಟ್ ಗುಂಡಮ್’ನಲ್ಲಿ ಯಂತ್ರಮಾನವನೆಂದರೆ ಅದ್ಭುತವಲ್ಲ, ಸೈನ್ಯದ ಒಂದು ಸಾಮಾನು. ಟ್ಯಾಂಕು, ಫಿರಂಗಿಗಳಂತೆ ಕಾರ್ಖಾನೆಯಲ್ಲಿ ತಯಾರಾಗುವಂಥದು. ಅಲ್ಲಿ ಯುದ್ಧದ ಮೊದಲ ತಿಂಗಳುಗಳಲ್ಲಿಯೇ ಮನುಕುಲದ ಅರ್ಧದಷ್ಟು ಜನ ಸತ್ತುಹೋಗಿದ್ದಾರೆ. ಆಮುರೊ ಎಂಬ ಹದಿಹರೆಯದ ಹುಡುಗ ಆಕಸ್ಮಿಕವಾಗಿ ಆ ಯಂತ್ರವನ್ನೇರುತ್ತಾನೆ. ಅದನ್ನು ರೂಪಿಸಿದವರು ಅವನ ತಂದೆ. ಮಗನ ಕಡೆಗೆ ತಿರುಗಿ ನೋಡಲು ಪುರುಸೊತ್ತಿಲ್ಲದಷ್ಟು ಆ ಯಂತ್ರದಲ್ಲಿ ಮುಳುಗಿದ್ದ ತಂದೆ. ಶತ್ರುಪಕ್ಷದಲ್ಲಿಯೂ ಹೆಂಡತಿ ಮಕ್ಕಳಿರುವ ಸೈನಿಕರಿದ್ದಾರೆ, ಅವರ ಸಾವಿಗೂ ಅಳುವವರಿದ್ದಾರೆ ಎಂಬುದನ್ನು ಆ ಕಥೆ ಮಕ್ಕಳ ಮುಂದೆ ಇಟ್ಟಿತು. ಆಟಿಕೆ ಮಾರುವವರಿಗೆ ಇದು ರುಚಿಸಿರಲಾರದು. ನೋಡುವವರು ಕಡಿಮೆಯಾಗಿ, 52 ಕಂತುಗಳ ಯೋಜನೆಯನ್ನು 43ಕ್ಕೇ ಮೊಟಕುಗೊಳಿಸಿದರು. ಮರುಪ್ರಸಾರವಾದಾಗ ಜನ ಮುಗಿಬಿದ್ದರು. ಇಂದು ಗುಂಡಮ್ ಎಂದರೆ ಜಪಾನಿನಲ್ಲಿ ಒಂದು ದೊಡ್ಡ ಉದ್ಯಮ. 2009ರಲ್ಲಿ ತೋಕಿಯೋದ ಓದೈಬಾದಲ್ಲಿ 18 ಮೀಟರ್ ಎತ್ತರದ, ಕಥೆಯಲ್ಲಿದ್ದಷ್ಟೇ ಅಳತೆಯ ಪ್ರತಿಮೆಯನ್ನು ನಿಲ್ಲಿಸಿದ್ದರು. ಅದೇ 2009ರಲ್ಲಿ ಯೊಕೊಯಾಮಾ ಅವರ ಕೋಬೆಯಲ್ಲಿಯೂ ತೆತ್ಸುಜಿನ್ ಪ್ರತಿಮೆ ಎದ್ದಿತು. 1995ರ ಭೂಕಂಪದಲ್ಲಿ ಸುಟ್ಟು ಕರಕಲಾಗಿದ್ದ ನಾಗಾತಾ ಎಂಬ ಪ್ರದೇಶದಲ್ಲಿ, ಮುಷ್ಟಿ ಬಿಗಿದು ನಿಂತಿರುವ ಉಕ್ಕಿನ ಮನುಷ್ಯ ಅದು. ಎರಡು ಬಾರಿ ಬೂದಿಯಾದ ನಗರವು ಪುನಃ ಎದ್ದು ನಿಲ್ಲುವಾಗ, ಯುದ್ಧದ ಅಸ್ತ್ರವಾಗಿ ಕಲ್ಪನೆಯಲ್ಲಿ ಹುಟ್ಟಿದ ಯಂತ್ರವನ್ನೇ ತನ್ನ ಧೈರ್ಯದ ಗುರುತಾಗಿ ಆರಿಸಿಕೊಂಡದ್ದು ನಮ್ಮನ್ನು ಬಹಳ ಹೊತ್ತು ಚಿಂತೆಗೆ ಹಚ್ಚಿತು.

ಅಜ್ಜ ಕಟ್ಟಿದ ಯಂತ್ರ, ತಂದೆ ರೂಪಿಸಿದ ಯಂತ್ರ, ಸೋತ ಸೈನ್ಯವು ಬಿಟ್ಟುಹೋದ ಯಂತ್ರ. ಹಿರಿಯರು ಮಾಡಿಟ್ಟದ್ದು, ಅದರೊಳಗೆ ಕೂರುವವರು ಮಕ್ಕಳು. ಯುದ್ಧವನ್ನು ಕಂಡ ಮತ್ತು ಯುದ್ಧದ ಬೆನ್ನಿಗೆ ಬೆಳೆದ ಜನರು ತಮ್ಮ ಮಕ್ಕಳಿಗೆ ಹೇಳಿದ ಕಥೆಗಳಿವು. ಬಣ್ಣದ ಆಟಿಕೆಗಳನ್ನು ಮಾರುವ ನೆಪದಲ್ಲಿ ಹೇಳಿದ್ದಿರಬಹುದು, ಹೇಳಿದ್ದಂತೂ ನಿಜ.

ಹುಬ್ಬಳ್ಳಿಯ ಹುಡುಗನ ಪರದೆಯ ಮೇಲೆ ಇದ್ಯಾವುದೂ ಇರಲಿಲ್ಲ. ಇತ್ತು, ಆದರೆ ಜಪಾನಿ ಲಿಪಿಯಲ್ಲಿತ್ತು. ಯಂತ್ರದೊಳಗಿನವರು ಕಾದಾಟದ ನಡುವೆಯೇ ಕೂಗಿ ಮಾತಾಡುತ್ತಿದ್ದರು. ಹುಡುಗನಿಗೆ ಅದು ಹಿನ್ನೆಲೆಯ ಸದ್ದು. ಯಾವ ಸಾಲಿನ ಮೇಲೆ ಎಷ್ಟು ಸಲ ಒತ್ತಬೇಕೆಂಬುದನ್ನು ಅವನು ಕಂಠಪಾಠ ಮಾಡಿಕೊಂಡಿದ್ದ. ಪ್ರತಿ ಯಂತ್ರದ ವೇಗವೆಷ್ಟು, ಹೊಡೆತವೆಷ್ಟು, ಯಾವುದು ಎಷ್ಟು ಪೆಟ್ಟು ತಡೆಯುತ್ತದೆ ಎಂಬುದೆಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು. ಒಳಗೆ ಕುಳಿತವರ ಒಂದು ಹೆಸರೂ ಗೊತ್ತಿರಲಿಲ್ಲ. ಒಂದು ಸುತ್ತಿನಲ್ಲಿ ಅವನು ಹತ್ತಾರು ಯಂತ್ರಗಳನ್ನು ಉರುಳಿಸುತ್ತಿದ್ದ. ಟೊಮಿನೊ ಅವರು ಒಂದೊಂದು ಸಾವಿಗೂ ಹೆಸರು ಕೊಟ್ಟಿದ್ದರೆ, ಇಲ್ಲಿ ಅವು ಮೂಲೆಯಲ್ಲಿ ಏರುವ ಅಂಕಿಗಳು. ‘ಝೀಟಾ ಗುಂಡಮ್’ನ ಯುವಕ ಕಮೀಲ್ ಯುದ್ಧವನ್ನು ಗೆದ್ದ ಕ್ಷಣದಲ್ಲಿಯೇ ಬುದ್ಧಿಭ್ರಮಣೆಗೊಳಗಾಗುತ್ತಾನೆ. ‘ಡನ್‌ಬೈನ್’ನಲ್ಲಿ ಕೊನೆಗೆ ಉಳಿಯುವವರೇ ವಿರಳ. ಅವರ ಯಂತ್ರಗಳು ಮಾತ್ರ ಈ ಆಟದಲ್ಲಿ ತೊಳೆದು ಒರೆಸಿದಂತೆ ಹೊಳೆಯುತ್ತ ಸಾಲಾಗಿ ನಿಂತು, ‘ನನ್ನನ್ನು ಆರಿಸಿಕೊ’ ಎನ್ನುತ್ತವೆ.

ಇದನ್ನೆಲ್ಲ ಆ ರಾತ್ರಿ ಊಟಕ್ಕೆ ಕುಳಿತಾಗ ನಾವು ಯಜಮಾನರ ಮುಂದೆ ಆಡಿ ತೋರಿಸಿದೆವು. ನಮ್ಮ ಮಾತಿನಲ್ಲಿ ಸ್ವಲ್ಪ ಖಾರವೂ ಇತ್ತೇನೋ. ಅವರು ರೊಟ್ಟಿ ಮುರಿಯುತ್ತ ಬಹಳ ಹೊತ್ತು ಸುಮ್ಮನಿದ್ದು, ಬಳಿಕ ಹೇಳಿದ್ದು ನಮಗೆ ಹೊಸದಾಗಿತ್ತು. “ನೀವು ಹೇಳುವುದು ಖರೆ. ಆದರೆ ಆ ಕಥೆಗಳನ್ನು ಮೊದಲು ನೋಡಿದವರಿಗೆ ಈ ಕೂಟದ ಆಟಗಳು ಬೇರೆಯೇ ಕಾಣುತ್ತವೆ. ಕಥೆಯಲ್ಲಿ ಸತ್ತವರು ಇಲ್ಲಿ ಬದುಕಿರುತ್ತಾರೆ. ಸೂಪರ್ ರೋಬೋಟ್ ವಾರ್ಸ್‌ನಲ್ಲಿ ಸರಿಯಾದ ದಾರಿ ಹಿಡಿದು ಆಡಿದರೆ, ಮೂಲದಲ್ಲಿ ಸಾಯುವ ಎಷ್ಟೋ ಜನರನ್ನು ನಾವೇ ಉಳಿಸಿಕೊಳ್ಳಬಹುದು. ಅಲ್ಲಿ ಒಬ್ಬನೇ ಕೋಣೆಯಲ್ಲಿ ಕೂತು, ಚಿಕ್ಕಂದಿನಿಂದ ಆ ಕಥೆಗಳನ್ನು ನೋಡಿ ಬೆಳೆದ ಸಹೋದ್ಯೋಗಿಗಳ ಹತ್ತಿರ ಕೇಳಿ ಕೇಳಿ ಆಡುತ್ತಿದ್ದೆ. ಅವರಿಗೆ ಇದು ಯುದ್ಧದ ಆಟವಲ್ಲ. ಸತ್ತ ಗೆಳೆಯರನ್ನು ಮತ್ತೆ ಕಾಣುವ ಆಟ.”

ನಾವು ಸುಮ್ಮನಾದೆವು. ಟೊಮಿನೊ ಅವರೇ 2005 ಮತ್ತು 2006ರಲ್ಲಿ ಝೀಟಾ ಕಥೆಯನ್ನು ಮೂರು ಚಲನಚಿತ್ರಗಳಾಗಿ ಮತ್ತೆ ಮಾಡಿದಾಗ, ಹುಚ್ಚನಾಗಿದ್ದ ಆ ಕಮೀಲನನ್ನು ಸ್ವಸ್ಥ ಮನಸ್ಸಿನಿಂದ ಮನೆಗೆ ಕಳುಹಿಸಿದರೆಂಬುದು ನೆನಪಾಯಿತು. ಕಥೆ ಹುಟ್ಟಿಸಿದವರಿಗೇ ಕರುಣೆ ಬಂದಿತ್ತೆಂದ ಮೇಲೆ, ಆಡುವವರಿಗೆ ಬಾರದಿರುತ್ತದೆಯೇ? ಆದರೂ ನಮ್ಮ ಮಾತಿನ ಒಂದು ಎಳೆಯನ್ನು ನಾವು ಬಿಟ್ಟುಕೊಡಲಿಲ್ಲ. ಸತ್ತವರು ಯಾರೆಂದೇ ತಿಳಿಯದವನಿಗೆ ಅವರು ಬದುಕಿ ಬಂದದ್ದರ ಸಂತೋಷ ಎಲ್ಲಿಂದ ಬರಬೇಕು? “ನಿಮಗೆ ಗೊತ್ತು. ನಿಮ್ಮ ಮಗನಿಗೆ ನೀವು ಹೇಳಿದ್ದೀರಾ?” ಎಂದು ಕೇಳಿದೆವು. ಮನೆಯೊಡತಿ ಪಲ್ಯದ ಪಾತ್ರೆ ಹಿಡಿದು ಅಲ್ಲಿಯೇ ನಿಂತಿದ್ದರು. “ಒಂದು ದಿವಸಾನೂ ಅವನ ಬಾಜೂ ಕುಂತಿಲ್ಲ” ಎಂದು ಅವರು ಮೆಲ್ಲನೆ ಹೇಳಿದ ಮಾತಿನಲ್ಲಿ, ಪೆಟ್ಟಿಗೆಯ ಮೇಲಿದ್ದ ಸಿಟ್ಟಿನ ನಿಜವಾದ ಮೂಲ ನಮಗೆ ತಿಳಿಯಿತು.

ಅಜ್ಜಿಯವರು ಬಿಡುವವರಲ್ಲ. “ಆ ಕರೀದರಾಗ ಕುಂತಾಂವ ಯಾರಂತ ಹೇಳಪಾ ಮೊದಲ” ಎಂದರು.

ಯಜಮಾನರು ಹೇಳತೊಡಗಿದರು. ‘ನಾದೆಸಿಕೊ’ ಎಂಬುದು 1996ರಲ್ಲಿ ತತ್ಸುಒ ಸಾತೊ ಅವರು ನಿರ್ದೇಶಿಸಿದ 26 ಕಂತುಗಳ ಧಾರಾವಾಹಿ. ಅದರ ನಾಯಕ ಆಕಿತೊ ಎಂಬ ಹುಡುಗ. ಮಂಗಳಗ್ರಹದಲ್ಲಿ ಹುಟ್ಟಿ, ಯುದ್ಧದಲ್ಲಿ ಎಲ್ಲವನ್ನೂ ಕಳೆದುಕೊಂಡು ಭೂಮಿಗೆ ಬಂದವನು. ಅವನಿಗೆ ಯುದ್ಧ ಬೇಡ. ಅವನ ಆಸೆಯೆಲ್ಲ ಒಳ್ಳೆಯ ಅಡುಗೆಯವನಾಗಬೇಕೆಂಬುದು. ಯುದ್ಧನೌಕೆಯಲ್ಲಿ ಅಡುಗೆಮನೆಯ ಕೆಲಸಕ್ಕೆ ಸೇರುತ್ತಾನೆ. ಯಂತ್ರ ನಡೆಸಲು ಜನ ಸಾಲದಾಗ ಅವನನ್ನೇ ಕೂರಿಸುತ್ತಾರೆ. ಒಂದು ಹೊತ್ತು ಸೌಟು, ಒಂದು ಹೊತ್ತು ಆಯುಧ. ಆ ಕಥೆಯೊಳಗೆ ಇನ್ನೊಂದು ಕಥೆಯಿದೆ. ಹಡಗಿನವರಿಗೆ ಪ್ರಿಯವಾದ ‘ಗೆಕಿಗಂಗರ್’ ಎಂಬ ಒಂದು ಹಳೆಯ ಯಂತ್ರಮಾನವನ ಧಾರಾವಾಹಿ. ಯಾರೋ ಅನ್ಯಲೋಕದ ಯಂತ್ರಗಳೆಂದು ಭೂಮಿಯವರು ನಂಬಿದ್ದ ಶತ್ರುಗಳು ಕೊನೆಗೆ ನೋಡಿದರೆ ತಮ್ಮಂತೆಯೇ ಮನುಷ್ಯರು, ಹಿಂದೆ ಹೊರದೂಡಲ್ಪಟ್ಟವರ ಸಂತತಿ. ಅವರೂ ಅದೇ ಹಳೆಯ ಧಾರಾವಾಹಿಯನ್ನು ನೋಡಿ, ಅದನ್ನೇ ಧರ್ಮಗ್ರಂಥದಂತೆ ಪೂಜಿಸಿ ಬೆಳೆದವರು. ಒಂದೇ ಕಥೆಯನ್ನು ಕಂಡು ಬೆಳೆದ ಎರಡು ಪಕ್ಷದ ಮಕ್ಕಳು, ತಾವೇ ಆ ಕಥೆಯ ನಾಯಕರೆಂದು ನಂಬಿ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದಾರೆ.

“ಹಂಗಾರ ಇಬ್ಬರೂ ಒಂದ ಪಡಸಾಲ್ಯಾಗ ಕುಂತು ನೋಡಿದ್ದರ ಜಗಳ ಇರತಿರಲಿಲ್ಲ” ಎಂದರು ಅಜ್ಜಿಯವರು. ನಮಗೆ ನಮ್ಮ ಓಣಿಯ ಚಾಪೆ ನೆನಪಾಯಿತು.

ಮುಂದಿನ ಭಾಗ 1998ರ ಚಲನಚಿತ್ರದ್ದು. ಯುದ್ಧ ಮುಗಿದು ಆಕಿತೊ ಮದುವೆಯಾಗಿ, ಗಂಡ ಹೆಂಡತಿ ಪ್ರವಾಸಕ್ಕೆ ಹೊರಟವರು ಕಾಣೆಯಾಗುತ್ತಾರೆ. ಸತ್ತರೆಂದು ಎಲ್ಲರೂ ತಿಳಿಯುತ್ತಾರೆ. ನಿಜದಲ್ಲಿ ಅವರನ್ನು ಹಿಡಿದೊಯ್ದವರು ಪ್ರಯೋಗಗಳಿಗೆ ಗುರಿಮಾಡಿರುತ್ತಾರೆ. ಆಕಿತೊ ಹೇಗೋ ಬದುಕಿ ಬರುತ್ತಾನೆ, ಆದರೆ ಅವನ ಇಂದ್ರಿಯಗಳು ನಾಶವಾಗಿರುತ್ತವೆ. ನಾಲಿಗೆಗೆ ರುಚಿ ತಿಳಿಯದು. ಹೆಂಡತಿಯನ್ನು ಬಿಡಿಸಿ ತರಲು ಅವನು ಕಪ್ಪು ಕವಚದ ಆ ಯಂತ್ರವನ್ನೇರುತ್ತಾನೆ. ದಪ್ಪ ಕಪ್ಪು ಕವಚದ ಒಳಗೆ, ಅವನು ಹಿಂದೆ ನಡೆಸುತ್ತಿದ್ದಂತಹದೇ ಚಿಕ್ಕ ಗುಲಾಬಿ ಬಣ್ಣದ ಯಂತ್ರವಿದೆ. ತನ್ನನ್ನು ಅಣ್ಣನಂತೆ ಕಂಡಿದ್ದ ಹುಡುಗಿಯ ಕೈಗೆ ಅವನು ತಾನು ಬರೆದಿಟ್ಟಿದ್ದ ಅಡುಗೆಯ ವಿವರದ ಕಾಗದವನ್ನು ಕೊಟ್ಟುಬಿಡುತ್ತಾನೆ. ಇನ್ನು ತನಗೆ ಅದರ ಉಪಯೋಗವಿಲ್ಲವೆಂದು.

ಹುಡುಗನ ಕೈಯಲ್ಲಿದ್ದ ತುತ್ತು ಅಲ್ಲಿಯೇ ನಿಂತಿತ್ತು. “ಅಂದ್ರ ಅವಗ ಏನೂ ರುಚಿ ಗೊತ್ತಾಗೂದಿಲ್ಲ?” ಎಂದ.

“ಏನೂ ಇಲ್ಲ.”

“ಉಪ್ಪೂ?”

“ಉಪ್ಪೂ ಗೊತ್ತಾಗೂದಿಲ್ಲ.”

ಅಜ್ಜಿಯವರು ಸೆರಗಿನಿಂದ ಕಣ್ಣೊರೆಸಿಕೊಂಡರು. “ಅಡಗಿ ಮಾಡಾಂವನ ನಾಲಿಗಿ ಕಸಗೊಂಡು ಕಬ್ಬಣದಾಗ ಕುಂಡ್ರಿಸ್ಯಾರ” ಎಂದು ತಮ್ಮಷ್ಟಕ್ಕೆ ತಾವೇ ಹೇಳಿಕೊಂಡರು. ಇಡೀ ಕಥೆಯನ್ನು ಇಷ್ಟು ಚಿಕ್ಕದಾಗಿ ಯಾರೂ ಹೇಳಿರಲಾರರು.

ಮರುದಿನ ಬೆಳಿಗ್ಗೆ ನಾವು ಹೊರಡುವವರಿದ್ದೆವು. ಪೆಟ್ಟಿಗೆಯು ಅಟ್ಟಕ್ಕೆ ಹೋಗುವುದೋ ಇಲ್ಲವೋ ಎಂಬ ತೀರ್ಮಾನ ಇನ್ನೂ ಆಗಿರಲಿಲ್ಲ. ಶಾಲೆ ಆರಂಭವಾದ ಮೇಲೆ ವಾರಕ್ಕೆ ಎರಡು ದಿನ, ಅದೂ ಓದು ಮುಗಿದ ಬಳಿಕ ಎಂಬಲ್ಲಿಗೆ ಮಾತುಕತೆ ಬಂದು ನಿಂತಿತ್ತು. ಬಸ್ಸಿಗೆ ಇನ್ನೂ ಹೊತ್ತಿತ್ತು. ಟ್ರಾನ್ಸ್‌ಫಾರ್ಮರ್ ಗುಂಯ್‌ಗುಟ್ಟಿತು. ಹುಡುಗ ಎಂದಿನಂತೆ ಕಪ್ಪು ಯಂತ್ರವನ್ನೇ ಆರಿಸಿಕೊಂಡ. ಎಂದಿನಂತೆಯೇ ಚೆನ್ನಾಗಿ ಆಡಿದ, ಎಂದಿನಂತೆಯೇ ಹತ್ತಾರು ಯಂತ್ರಗಳನ್ನು ಉರುಳಿಸಿದ. ನಡುವೆ ಪರದೆಯ ಮೂಲೆಯಲ್ಲಿ ಒಂದು ಮುಖ ಮೂಡಿ ಏನೋ ಹೇಳಿ ಮರೆಯಾಯಿತು. ಹುಡುಗ ಗುಂಡಿ ಒತ್ತಿ ಆಟವನ್ನು ನಿಲ್ಲಿಸಿದ.

“ಅಪ್ಪಾ, ಇಂವ ಈಗ ಏನಂದ?”

ಯಜಮಾನರು ಪತ್ರಿಕೆಯನ್ನು ಮಡಿಚಿಟ್ಟು, ಕುರ್ಚಿಯಿಂದೆದ್ದು ಬಂದು, ಮಗನ ಪಕ್ಕದಲ್ಲಿ ನೆಲದ ಮೇಲೆ ಕುಳಿತರು.